ಎಲ್ಲರಿಗೂ ಒಂದೇ ಬೀಗ

1959ರ ಜನವರಿ 1. ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್ಗೊಮೆರಿಯ ನಗರಾಡಳಿತ ಹೊಸ ವರ್ಷವನ್ನು ಬೀಗ ಜಡಿದು ಬರಮಾಡಿಕೊಂಡಿತು. ಊರಿನ ಪಾರ್ಕುಗಳಿಗೆಲ್ಲ ಬೀಗ. ಓಕ್ ಪಾರ್ಕ್ ಎಂಬ ಹಳೆಯ ಉದ್ಯಾನದೊಳಗಿದ್ದ ಬಯಲು ಈಜುಕೊಳದ ನೀರು ಖಾಲಿ ಮಾಡಿ, ಮಣ್ಣು ಸುರಿದು ನೆಲಸಮ ಮಾಡಿದರು. ಅಲ್ಲಿದ್ದ ಪುಟ್ಟ ಮೃಗಾಲಯದ ಪ್ರಾಣಿಗಳನ್ನೂ ಮಾರಿಹಾಕಿದರು. ದುಡ್ಡಿಲ್ಲವೆಂದು ಮುಚ್ಚಿದ್ದಲ್ಲ, ನೀರಿಲ್ಲವೆಂದು ಮುಚ್ಚಿದ್ದಲ್ಲ. ಕಪ್ಪು ಜನ ಕೋರ್ಟಿಗೆ ಹೋಗಿದ್ದರು, ಅದಕ್ಕೆ. ತೀರ್ಪು ಬರುವ ತನಕವೂ ಕಾಯಲಿಲ್ಲ.

ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರು ಜಾರ್ಜಿಯಾ ಗಿಲ್ಮೋರ್ ಎಂಬಾಕೆಯದು. ಅಡುಗೆ ಕೆಲಸದ ಹೆಂಗಸು. ಅದೇ ಊರಿನಲ್ಲಿ 1955ರ ಡಿಸೆಂಬರಿನಿಂದ 381 ದಿನ ಕಪ್ಪು ಜನ ಬಸ್ ಹತ್ತದೆ ನಡೆದರಲ್ಲ, ಆ ಚಳವಳಿಗೆ ಕೋಳಿ ಹುರಿದು, ಕೇಕು ಬೇಯಿಸಿ, ಮನೆಮನೆಗೆ ಮಾರಿ ದುಡ್ಡು ಕೂಡಿಸಿಕೊಟ್ಟವಳು. ಆಕೆಯ ಮಗ ಮಾರ್ಕ್ ಹತ್ತಿರದ ದಾರಿಯೆಂದು ಓಕ್ ಪಾರ್ಕಿನೊಳಗೆ ಹಾದು ಹೊರಟಿದ್ದ. ಪೊಲೀಸರು ಹಿಡಿದು ಬಡಿದರು. ಈಜಲು ಹೋಗಿರಲಿಲ್ಲ ಹುಡುಗ, ಹುಲ್ಲಿನ ಮೇಲೆ ಕೂರಲೂ ಹೋಗಿರಲಿಲ್ಲ. ದಾಟಿ ಹೋಗುತ್ತಿದ್ದ, ಅಷ್ಟೆ. ತಾಯಿ ಸುಮ್ಮನಿರಲಿಲ್ಲ. ತೆರಿಗೆ ನಮ್ಮದೂ ಇದೆ, ಪಾರ್ಕಿನಲ್ಲಿ ನಮ್ಮ ಪಾಲೂ ಇದೆ ಎಂದಳು. ಊರ ಯಜಮಾನರ ಉತ್ತರ: ಹಾಗಾದರೆ ಯಾರಿಗೂ ಬೇಡ.

ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಬೇಕು ಎನ್ನುತ್ತದೆ ನಮ್ಮ ಗಾದೆ. ಹೆಂಗಸರನ್ನು ಹೀಯಾಳಿಸಲು ಗಂಡಸರು ಕಟ್ಟಿದ ಗಾದೆ ಅದು. ಆದರೆ ಅದಕ್ಕೆ ತಕ್ಕ ಉದಾಹರಣೆ ಹುಡುಕಿ ಯಾವ ಹಟ್ಟಿಗೂ ಹೋಗಬೇಕಾಗಿಲ್ಲ. ಕೋಟು ಟೈ ಹಾಕಿ ಮೇಜಿನ ಸುತ್ತ ಕೂತ ಬಿಳಿ ಗಂಡಸರ ನಗರಸಭೆ ಅದನ್ನು ಅಕ್ಷರಶಃ ಮಾಡಿ ತೋರಿಸಿದೆ. ಕರಿಯ ಮಗುವೊಂದು ನೀರಿಗಿಳಿದೀತು ಎಂಬ ಭಯಕ್ಕೆ ತಮ್ಮದೇ ಮಕ್ಕಳ ಬೇಸಿಗೆಯನ್ನು ಮಣ್ಣಿನಲ್ಲಿ ಹೂತರು. 1965ರಲ್ಲಿ ಪಾರ್ಕುಗಳ ಬೀಗ ತೆಗೆದರು. ಕೊಳವನ್ನು ಮಾತ್ರ ಮತ್ತೆ ಅಗೆಯಲಿಲ್ಲ.

ಈಜುಕೊಳವೊಂದು ಹಾಳುಬಿದ್ದಿದೆ ಎಂದು ಯಾರಾದರೂ ನಿಟ್ಟುಸಿರು ಬಿಟ್ಟಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಕಾಲ ಬದಲಾಯಿತು, ಜನರ ಅಭಿರುಚಿ ಬದಲಾಯಿತು, ನಿರ್ವಹಣೆ ಕಷ್ಟವಾಯಿತು ಎಂಬ ಮಾತನ್ನು ನಾನು ನಂಬುವುದಿಲ್ಲ. ಅದು ಯಾವ ವರ್ಷ ಹಾಳಾಯಿತು, ಅದಕ್ಕೆ ಸ್ವಲ್ಪ ಮೊದಲು ಅದರೊಳಗೆ ಹೊಸದಾಗಿ ಇಳಿಯಲು ಬಂದವರು ಯಾರು, ಬಿಟ್ಟು ಹೋದವರು ಯಾರು, ಹೋದವರು ಎಲ್ಲಿಗೆ ಹೋದರು? ಇಷ್ಟು ಕೇಳಿ. ಕೊಲೆಗಾರ ಸಿಕ್ಕುತ್ತಾನೆ.

ಈ ಕೊಳಗಳು ಯಾರಪ್ಪನ ಮನೆ ಆಸ್ತಿಯೂ ಆಗಿರಲಿಲ್ಲ. 1930ರ ದಶಕದ ಮಹಾ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಕೂಲಿ ಕೊಡಲು ರೂಸ್‌ವೆಲ್ಟ್ ಸರ್ಕಾರ ರಸ್ತೆ, ಸೇತುವೆ, ಶಾಲೆ ಕಟ್ಟಿಸಿತು. ಜೊತೆಗೇ ದೇಶದುದ್ದಕ್ಕೂ ನೂರಾರು ಈಜುಕೊಳ ಕಟ್ಟಿಸಿತು. ನ್ಯೂಯಾರ್ಕ್ ನಗರವೊಂದರಲ್ಲೇ 1936ರ ಒಂದೇ ಬೇಸಿಗೆಯಲ್ಲಿ 11 ಬಯಲು ಕೊಳ ತೆರೆದವು. ಕೂಲಿಯವರು ಕಟ್ಟಿದ್ದು, ಸರ್ಕಾರದ ದುಡ್ಡು, ಕೂಲಿಯವರ ಮಕ್ಕಳು ಈಜಿದ್ದು. ಕಾರ್ಖಾನೆ ಕೆಲಸಗಾರನ ಮಗನಿಗೆ ಬೇಸಿಗೆಯೊಂದು ಸಿಕ್ಕಿತ್ತು. ಆ ಲೆಕ್ಕದಲ್ಲಿ ಕಪ್ಪು ಮಕ್ಕಳಿಗೆ ಸಮಪಾಲಿರಲಿಲ್ಲ. ದಕ್ಷಿಣದಲ್ಲಿ ಅದು ಕಾನೂನು, ಉತ್ತರದಲ್ಲಿ ಬಡಿಗೆ.

ನೀರಿಗೇ ಯಾಕೆ ಇಷ್ಟು ರಂಪ? ಇತಿಹಾಸಕಾರ ಜೆಫ್ ವಿಲ್ಟ್ಸಿ 2007ರ ತನ್ನ ‘ಕಂಟೆಸ್ಟೆಡ್ ವಾಟರ್ಸ್’ ಪುಸ್ತಕದಲ್ಲಿ ಅಮೆರಿಕದ ಈಜುಕೊಳಗಳ ಚರಿತ್ರೆ ಬರೆದಿದ್ದಾನೆ. ಮೊದಲು ಗಂಡಸರಿಗೆ ಒಂದು ದಿನ, ಹೆಂಗಸರಿಗೆ ಒಂದು ದಿನ ಇತ್ತಂತೆ. ಆಗ ಉತ್ತರದ ಕೆಲವು ಊರುಗಳಲ್ಲಿ ಬಡ ಬಿಳಿಯರೂ ಬಡ ಕರಿಯರೂ ಒಟ್ಟಿಗೇ ಮಿಂದದ್ದೂ ಉಂಟು. 1920ರ ದಶಕದಲ್ಲಿ ಗಂಡು ಹೆಣ್ಣು ಒಂದೇ ಕೊಳಕ್ಕಿಳಿಯಲು ಶುರುವಾದದ್ದೇ ತಡ, ಬಣ್ಣದ ಗೋಡೆ ಎದ್ದು ನಿಂತಿತು. ನಮ್ಮ ಹೆಣ್ಣುಮಕ್ಕಳು ಈಜುವ ನೀರಿಗೆ ಆ ಗಂಡಸು ಇಳಿಯಬಾರದು. ಜೊತೆಗೆ ಅವರ ಮೈಯಿಂದ ಕೊಳೆ ಬರುತ್ತದೆ, ರೋಗ ಬರುತ್ತದೆ ಎಂಬ ಪುರಾಣ. ಹೆಣ್ಣಿನ ಮೇಲಿನ ಕಾವಲು, ಮೈಲಿಗೆಯ ಭಯ, ಎರಡೂ ಒಂದೇ ಗೂಡಿನ ಮರಿಗಳು. ಕನ್ನಡದ ಓದುಗನಿಗೆ ಇಲ್ಲಿ ಬೇರೆ ಟಿಪ್ಪಣಿ ಬೇಕಿಲ್ಲ. ಬಸ್ಸಿನ ಸೀಟಿನಲ್ಲಿ ಪಕ್ಕ ಕೂತವನಿಗೂ ತನಗೂ ನಡುವೆ ಬಟ್ಟೆಯಾದರೂ ಇದೆ ಎಂದು ಮಡಿವಂತ ಸಮಾಧಾನಪಟ್ಟುಕೊಂಡಾನು. ನೀರು ಅಷ್ಟೂ ಅವಕಾಶ ಕೊಡುವುದಿಲ್ಲ. ಅವನನ್ನು ಮುಟ್ಟಿದ ನೀರೇ ಇವನನ್ನೂ ಮುಟ್ಟುತ್ತದೆ.

ಸೇಂಟ್ ಲೂಯಿಸ್ ನಗರದ ಫೇರ್‌ಗ್ರೌಂಡ್ ಪಾರ್ಕಿನ ಕೊಳ ಸಾವಿರಾರು ಜನ ಒಟ್ಟಿಗೆ ಇಳಿಯಬಹುದಾದಷ್ಟು ದೊಡ್ಡದಾಗಿತ್ತು. 1949ರ ಜೂನ್ 21ರಂದು ಮೊದಲ ಸಲ ಕಪ್ಪು ಹುಡುಗರನ್ನೂ ಬಿಟ್ಟರು. ಸಂಜೆಯ ಹೊತ್ತಿಗೆ ಬೇಸ್‌ಬಾಲ್ ದಾಂಡು ಹಿಡಿದ ಬಿಳಿಯರ ಗುಂಪು ಆ ಹುಡುಗರನ್ನು ಅಟ್ಟಿಸಿಕೊಂಡು ಹೊಡೆಯಿತು. ಹೊಡೆದವರನ್ನು ತಡೆಯಬೇಕಾಗಿದ್ದ ಮೇಯರ್, ಹೊಡೆಸಿಕೊಂಡವರಿಗೆ ಪ್ರವೇಶವಿಲ್ಲ ಎಂದು ಹಳೆಯ ಆದೇಶವನ್ನೇ ಮತ್ತೆ ತಂದ. ಮರುವರ್ಷ ನ್ಯಾಯಾಲಯ ಆ ಆದೇಶ ಕಿತ್ತೆಸೆಯಿತು. ಈಗ ಬಿಳಿಯರು ದಾಂಡು ಎತ್ತಲಿಲ್ಲ. ಮನೆಯಲ್ಲೇ ಉಳಿದರು. 1948ರ ಬೇಸಿಗೆಯಲ್ಲಿ 3 ಲಕ್ಷ ದಾಟಿದ್ದ ಈಜುಗಾರರ ಲೆಕ್ಕ 10 ಸಾವಿರದ ಆಸುಪಾಸಿಗೆ ಕುಸಿಯಿತು. ಜನ ಬರುತ್ತಿಲ್ಲ, ಖರ್ಚು ಹುಟ್ಟುತ್ತಿಲ್ಲ ಎಂದು ನಗರಾಡಳಿತ 1956ರಲ್ಲಿ ಕೊಳ ಮುಚ್ಚಿತು. ಕಡತದಲ್ಲಿ ನೋಡಿದರೆ ಅದು ಆರ್ಥಿಕ ಕಾರಣ.

ಕಡತ ಯಾವತ್ತೂ ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ.

ಫ್ಲಾರಿಡಾದ ಸೇಂಟ್ ಅಗಸ್ಟೀನ್ ಊರಿನಲ್ಲಿ 1964ರ ಜೂನ್ 18ರಂದು ಚಳವಳಿಗಾರರು ಒಂದು ಹೋಟೆಲಿನ ಈಜುಕೊಳಕ್ಕೆ ಧುಮುಕಿದರು, ಕಪ್ಪು ಬಿಳಿ ಒಟ್ಟಿಗೆ. ಟೈಲ್ಸು ತೊಳೆಯಲು ಇಟ್ಟ ಆ್ಯಸಿಡ್ ತಂದು ಮಾಲೀಕ ಕೊಳಕ್ಕೆ ಸುರಿದ. ಅದರ ಫೋಟೋ ಜಗತ್ತೆಲ್ಲ ಓಡಾಡಿತು. ಆ ಮನುಷ್ಯನನ್ನು ಎಲ್ಲರೂ ಬೈದರು, ನಾನೂ ಬೈಯುತ್ತೇನೆ. ಆದರೆ ಆ್ಯಸಿಡ್ ಸುರಿಯುವವನು ಕಣ್ಣಿಗೆ ಕಾಣುತ್ತಾನೆ. ಠರಾವು ಬರೆಯುವವನು ಕಾಣುವುದಿಲ್ಲ. ನನ್ನ ಸಿಟ್ಟೆಲ್ಲ ಎರಡನೆಯವನ ಮೇಲೆ.

ಮಿಸಿಸಿಪ್ಪಿಯ ಜಾಕ್ಸನ್ ನಗರದ ಠರಾವು ನೋಡಿ. ಅಲ್ಲಿ ಐದು ಸಾರ್ವಜನಿಕ ಕೊಳ. ನಾಲ್ಕು ಬಿಳಿಯರಿಗೆ, ಒಂದು ಕರಿಯರಿಗೆ. 1962ರಲ್ಲಿ ಫೆಡರಲ್ ನ್ಯಾಯಾಲಯ ಈ ವಿಂಗಡಣೆ ಸಂವಿಧಾನ ವಿರೋಧಿ ಎಂದಿತು. ನಗರ ತನ್ನ ಪಾರ್ಕು, ಮೃಗಾಲಯ, ಗಾಲ್ಫ್ ಮೈದಾನಗಳನ್ನು ಎಲ್ಲರಿಗೂ ತೆರೆಯಿತು. ಕೊಳಗಳನ್ನು ಮಾತ್ರ 1963ರಲ್ಲಿ ಮುಚ್ಚಿತು. ಒಂದು ಕೊಳ ವೈಎಂಸಿಎ ಎಂಬ ಖಾಸಗಿ ಸಂಸ್ಥೆಯಿಂದ ಗುತ್ತಿಗೆಗೆ ಪಡೆದದ್ದು. ಅದನ್ನು ವೈಎಂಸಿಎಗೇ ವಾಪಸು ಮಾಡಿದರು, ಅದು ಬಿಳಿಯರಿಗೆ ಮಾತ್ರ ಎಂದು ಮುಂದುವರಿಯಿತು. ಕಪ್ಪು ನಾಗರಿಕರು ಮತ್ತೆ ಕೋರ್ಟಿಗೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ 1971ರ ಜೂನಿನಲ್ಲಿ ‘ಪಾಮರ್ ವರ್ಸಸ್ ಥಾಂಪ್ಸನ್’ ಎಂಬ ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ನಗರದ ಪರ. ತರ್ಕ ಸರಳ: ಕೊಳ ಕರಿಯರಿಗೂ ಮುಚ್ಚಿದೆ, ಬಿಳಿಯರಿಗೂ ಮುಚ್ಚಿದೆ, ಆದ್ದರಿಂದ ಇಲ್ಲಿ ತಾರತಮ್ಯವಿಲ್ಲ. ಮುಚ್ಚಿದವರ ಮನಸ್ಸಿನಲ್ಲಿ ಏನಿತ್ತು ಎಂದು ಕೆದಕುವುದು ನ್ಯಾಯಾಲಯದ ಕೆಲಸವಲ್ಲ.

ಬರೆದವರು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್. ಒಂದು ಕಾಲದಲ್ಲಿ ಅಲಬಾಮಾದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಗುಂಪಿನ ಸದಸ್ಯರಾಗಿದ್ದವರು. ನಡುವಿನ ವರ್ಷಗಳಲ್ಲಿ ನಾಗರಿಕ ಹಕ್ಕುಗಳ ಪರ ಒಳ್ಳೆಯ ತೀರ್ಪುಗಳನ್ನೂ ಬರೆದವರು, ಅದನ್ನು ಮರೆಮಾಚುವುದು ತಪ್ಪು. ಆದರೆ ಸಾಯುವ ವರ್ಷ ಅವರ ಲೇಖನಿಯಿಂದ ಬಂದದ್ದು ಇದು. ಎಲ್ಲರಿಗೂ ಒಂದೇ ಬೀಗ, ಅದೇ ಸಮಾನತೆ! ಅರಮನೆಯಲ್ಲಿ ಮಲಗುವವನಿಗೂ ಸೇತುವೆಯಡಿ ಮಲಗುವವನಿಗೂ ಸೇತುವೆಯಡಿ ಮಲಗಕೂಡದು ಎಂದು ಸಮನಾಗಿ ಆಜ್ಞೆ ಮಾಡುವ ಕಾನೂನು ಇದು. ಬಿಳಿಯನಿಗೆ ಹಿತ್ತಲಲ್ಲೊಂದು ಕೊಳ ಇತ್ತು, ಕ್ಲಬ್ಬಿನಲ್ಲೊಂದು ಇತ್ತು. ಕಪ್ಪು ಮಗುವಿಗೆ ಇದ್ದದ್ದು ನದಿ, ಕ್ವಾರಿ, ಹಳ್ಳ.

ಹಿತ್ತಲ ಲೆಕ್ಕವನ್ನೂ ಕೇಳಿ. 1950ರಲ್ಲಿ ಇಡೀ ಅಮೆರಿಕದಲ್ಲಿ ಸ್ವಂತ ಈಜುಕೊಳ ಇದ್ದ ಮನೆಗಳು ಸುಮಾರು 2,500. ಶತಮಾನದ ಕೊನೆಗೆ 40 ಲಕ್ಷ ಎನ್ನುತ್ತಾನೆ ವಿಲ್ಟ್ಸಿ. ಕರಿಯರ ಜೊತೆ ಮೀಯುವುದಕ್ಕಿಂತ ಒಬ್ಬೊಬ್ಬರೇ ಮೀಯುವುದು ಮೇಲು ಎಂದು ಒಂದು ಜನಾಂಗವೇ ತೀರ್ಮಾನಿಸಿತು. ಇನ್ನು ಮಾಂಟ್ಗೊಮೆರಿ. ಅಲ್ಲಿಯ ಕಪಟ ಹೊರಬೀಳಲು ಹತ್ತು ವರ್ಷ ಹಿಡಿಯಿತು. ಬೇಸಿಗೆ ಶಿಬಿರಕ್ಕೆ ಸೇರಿಸಿಕೊಳ್ಳದೆ ಇಬ್ಬರು ಕಪ್ಪು ಹುಡುಗರನ್ನು ವಾಪಸು ಕಳಿಸಿದರೆಂದು 1969ರಲ್ಲಿ ವೈಎಂಸಿಎ ಮೇಲೆ ದಾವೆ ಬಿತ್ತು. ವಿಚಾರಣೆಯಲ್ಲಿ ಒಂದು ಕಾಗದ ಸಿಕ್ಕಿತು: ಪಾರ್ಕು ಮುಚ್ಚುವ ಮೊದಲೇ, 1958ರಲ್ಲೇ, ನಗರಾಡಳಿತವೂ ವೈಎಂಸಿಎಯೂ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದವು. ನಗರ ತನ್ನ ಕ್ರೀಡಾ ಸವಲತ್ತುಗಳಿಂದ ಹಿಂದೆ ಸರಿಯುವುದು, ಆ ಜಾಗವನ್ನು ಇವರು ತುಂಬುವುದು. ನಗರದ ಕೊಳಕ್ಕೆ ಮಣ್ಣು ಬೀಳುತ್ತಿದ್ದ ಹಾಗೆ ಅವರ ಹೊಸ ಕೊಳಗಳು ಏಳುತ್ತಿದ್ದವು. ಖಾಸಗಿ ಸಂಸ್ಥೆ, ಖಾಸಗಿ ಕೊಳ. ಸಂವಿಧಾನ ಗೇಟಿನ ಹೊರಗೆ ಕಾಯಬೇಕು.

ಸಾರ್ವಜನಿಕ ಎಂದು ಬೋರ್ಡು ಹಾಕಿದ ಜಾಗಕ್ಕೆ ಸಾರ್ವಜನಿಕರು ನಿಜವಾಗಿ ಬಂದುಬಿಟ್ಟರೆ ಆ ಕೂಡಲೇ ಅದು ಮುಚ್ಚಬೇಕು, ಇಲ್ಲವೇ ಖಾಸಗಿಯಾಗಬೇಕು. ಈ ಕುತಂತ್ರವನ್ನು ಅಮೆರಿಕದವರು ಕಂಡುಹಿಡಿದರು ಎಂದು ಭಾವಿಸಬೇಡಿ. ನಮ್ಮವರು ಅವರಿಗಿಂತ ಮೂವತ್ತು ವರ್ಷ ಮುಂದಿದ್ದರು.

1923ರ ಆಗಸ್ಟಿನಲ್ಲಿ ಮುಂಬಯಿ ಶಾಸನ ಪರಿಷತ್ತು ಎಸ್.ಕೆ. ಬೋಲೆಯವರ ಗೊತ್ತುವಳಿ ಪಾಸು ಮಾಡಿತು: ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಕೆರೆ, ಬಾವಿ, ಶಾಲೆ, ಧರ್ಮಶಾಲೆಗಳೆಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು. ಅದೇ ಪ್ರಾಂತ್ಯದ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು 1924ರಲ್ಲಿ ಠರಾವನ್ನೂ ಮಾಡಿತು. ಕಾಗದದ ಮೇಲೆ ಮೂರು ವರ್ಷ ಎಲ್ಲ ಸುಖವಾಗಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಸವರ್ಣರು ದೊಣ್ಣೆ ಹಿಡಿದು ಬಂದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಕೊಡ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ದನ ಇಳಿಯುತ್ತಿದ್ದ ಕೆರೆಗೆ ಮನುಷ್ಯ ಇಳಿದದ್ದಕ್ಕೆ ದನದ ಗಂಜಲದಿಂದ ಶುದ್ಧಿ! ಈ ಭಾಗ ಎಲ್ಲರಿಗೂ ಗೊತ್ತು. ಮುಂದಿನದನ್ನು ಯಾಕೋ ಕಡಿಮೆ ಹೇಳುತ್ತೇವೆ. ಅದೇ ವರ್ಷದ ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸು ಪಡೆಯಿತು. ಡಿಸೆಂಬರಿನಲ್ಲಿ ಸವರ್ಣರು ದಾವೆ ಹೂಡಿ ತಡೆಯಾಜ್ಞೆ ತಂದರು. ಅವರ ವಾದವೇನು ಗೊತ್ತೇ? ಚವದಾರ್ ಕೆರೆ ಸಾರ್ವಜನಿಕವಲ್ಲ, ಅದು ನಮ್ಮ ಖಾಸಗಿ ಸೊತ್ತು. ಆ ವಾದವನ್ನು ಸೋಲಿಸಲು ಹತ್ತು ವರ್ಷ ಹಿಡಿಯಿತು. ಬಾಂಬೆ ಹೈಕೋರ್ಟಿನ ತೀರ್ಪು ಬಂದದ್ದು 1937ರ ಮಾರ್ಚ್ 17ರಂದು.

ಅಂಬೇಡ್ಕರರಿಗೆ ಈ ಎರಡು ದೇಶಗಳ ನಂಟು ತಿಳಿದಿತ್ತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು, 1946ರಲ್ಲಿ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್‌ಗೆ ಕಾಗದ ಬರೆದು ನಿಮ್ಮವರ ಪಾಡೂ ನಮ್ಮವರ ಪಾಡೂ ಎಷ್ಟು ಹತ್ತಿರ ಎಂದವರು. ಅವರ ಕರಡು ಸಮಿತಿ ಕೊಟ್ಟ ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ತೆಗೆದು ಓದಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗ ಎಂದು ಒಂದೊಂದನ್ನೂ ಹೆಸರಿಟ್ಟು ಹೇಳುತ್ತದೆ. ಸಂವಿಧಾನದಂಥ ಗಂಭೀರ ಗ್ರಂಥಕ್ಕೆ ಸ್ನಾನಘಟ್ಟ ಯಾಕೆ ಬಂತು? ಮಹಾಡಿನ ಪೆಟ್ಟು ತಿಂದವರು ಅಲ್ಲಿದ್ದರು, ಅದಕ್ಕೆ ಬಂತು. ಆ ಸಾಲಿನಲ್ಲಿ ಒಂದು ಷರತ್ತೂ ಇದೆ: ಪೂರ್ತಿಯಾಗಿ ಅಥವಾ ಭಾಗಶಃ ಸರ್ಕಾರದ ಹಣದಿಂದ ನಡೆಯುವುದಾಗಿರಬೇಕು, ಇಲ್ಲವೇ ಸಾರ್ವಜನಿಕರ ಬಳಕೆಗೆಂದು ಬಿಟ್ಟದ್ದಾಗಿರಬೇಕು. ಹಕ್ಕು ಬರೆದಿರುವುದೂ ಅಲ್ಲೇ, ಕಳ್ಳಗಂಡಿ ಕೊರೆಯುವುದೂ ಅಲ್ಲೇ. ಸರ್ಕಾರದ ಹಣ ನಿಲ್ಲಿಸಿ. ಗುತ್ತಿಗೆಗೆ ಕೊಡಿ. ‘ಸದಸ್ಯರಿಗೆ ಮಾತ್ರ’ ಎಂದು ಬರೆಯಿರಿ. ಸ್ವಾತಂತ್ರ್ಯ ಬಂದು ದಶಕ ಕಳೆದರೂ ಮುಂಬಯಿಯ ಬ್ರೀಚ್ ಕ್ಯಾಂಡಿ ಈಜುಕೊಳದೊಳಗೆ ಭಾರತೀಯರಿಗೆ ಪ್ರವೇಶವಿರಲಿಲ್ಲ. ಆ ಕೊಳದ ಆಕಾರ ಅವಿಭಜಿತ ಭಾರತದ ನಕ್ಷೆ! ಭಾರತದೊಳಗೆ ಬಿಳಿಯರು ಈಜುತ್ತಿದ್ದರು, ಭಾರತೀಯರು ಗೇಟಿನಲ್ಲಿ ನಿಲ್ಲುತ್ತಿದ್ದರು.

ಈಗ ನಮ್ಮ ಜಿಲ್ಲಾ ಕೇಂದ್ರಗಳಿಗೆ ಬನ್ನಿ. ಇಲ್ಲಿ ಯಾರೂ ಮಣ್ಣು ಸುರಿಯುವುದಿಲ್ಲ, ಆ್ಯಸಿಡ್ ಸುರಿಯುವುದಿಲ್ಲ. ನಮ್ಮ ಕೊಲೆಗಾರರು ಸಭ್ಯರು. ನಗರಸಭೆಯದೋ ಕ್ರೀಡಾ ಇಲಾಖೆಯದೋ ಒಂದು ಕೊಳ ಇರುತ್ತದೆ. ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಯ ಹೆಸರು ದಪ್ಪಕ್ಷರದಲ್ಲಿ. ಬೆಳಗಿನ ಜಾವದ ಬ್ಯಾಚು ಅಧಿಕಾರಿಗಳಿಗೆ, ಡಾಕ್ಟರು ವಕೀಲರಿಗೆ. ಆಮೇಲೆ ದುಡ್ಡು ಕಟ್ಟಿದ ಮಕ್ಕಳ ಬೇಸಿಗೆ ಶಿಬಿರ. ಉಳಿದವರಿಗೆ ಮಟ ಮಟ ಮಧ್ಯಾಹ್ನ. ಚಡ್ಡಿ ಹಾಕಿಕೊಂಡು ಬಂದ ಸ್ಲಂ ಹುಡುಗನಿಗೆ ಗೇಟಿನಲ್ಲಿ ‘ಈಜುಡುಪು ಕಡ್ಡಾಯ’ ಎಂಬ ಬೋರ್ಡು. ಈಜುಡುಪಿನ ನಿಯಮ ನೀರಿನ ಶುಚಿತ್ವಕ್ಕೆ ಎನ್ನುತ್ತಾರೆ, ಇರಬಹುದು. ಹಾಗಾದರೆ ಬಟ್ಟೆಯನ್ನು ನೀವೇ ಕೊಡಿ. ಗ್ರಂಥಾಲಯದಲ್ಲಿ ಪುಸ್ತಕ ಕೊಡುವುದಿಲ್ಲವೇ?

ಇದೆಲ್ಲ ದಾಟಿಕೊಂಡು ಆ ಹುಡುಗರು ಹೇಗೋ ಬರತೊಡಗುತ್ತಾರೆ. ರಜೆ ಬಂತೆಂದರೆ ಹಿಂಡು ಹಿಂಡು. ‘ಗಲಾಟೆ ಜಾಸ್ತಿಯಾಯಿತು’, ‘ನೀರು ಗಲೀಜಾಯಿತು’, ‘ಫ್ಯಾಮಿಲಿಯವರು ಬರುವ ಹಾಗಿಲ್ಲ’ ಎಂಬ ಮಾತು ಶುರುವಾಗುತ್ತದೆ. ಈ ‘ಫ್ಯಾಮಿಲಿಯವರು’ ಯಾರು? ಸ್ಲಮ್ಮಿನ ಹುಡುಗರು ಫ್ಯಾಮಿಲಿ ಇಲ್ಲದೆ ಹುಟ್ಟಿದರೇ? ಅಷ್ಟು ಹೊತ್ತಿಗೆ ಹೆದ್ದಾರಿ ಪಕ್ಕದ ಲೇಔಟಿನಲ್ಲಿ ಕ್ಲಬ್ ಹೌಸ್ ಎದ್ದಿರುತ್ತದೆ, ಅದರಲ್ಲಿ ನೀಲಿ ಕೊಳ. ಬೆಳಗಿನ ಜಾವದ ಬ್ಯಾಚು ಅಲ್ಲಿಗೆ ವರ್ಗವಾಗುತ್ತದೆ. ಅಧಿಕಾರಿ ತಾನೇ ಇಳಿಯದ ಕೊಳದ ಮೋಟಾರು ಕೆಟ್ಟರೆ ಯಾರಿಗೆ ಅರ್ಜೆಂಟು? ಅಲ್ಲಿಂದ ಮುಂದೆ ಕೊಳವನ್ನು ಯಾರೂ ಕೊಲ್ಲಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಸುಮ್ಮನಿದ್ದರೆ ಏನಾಗುತ್ತದೆ ಎಂದರೆ, ನೀರನ್ನು ಮರಳಿನ ಫಿಲ್ಟರಿಗೆ ತಳ್ಳುವ ಪಂಪು ನಿಂತ ಕೆಲವೇ ದಿನಕ್ಕೆ ಬಿಸಿಲಿಗೆ ಪಾಚಿ ಕಟ್ಟುತ್ತದೆ. ಕ್ಲೋರಿನ್ ಬಿಸಿಲಿಗೆ ಹಾರಿಹೋಗುವ ವಸ್ತು, ದಿನಾ ಹಾಕಬೇಕು. ಹಾಕುವವನು ಹೊರಗುತ್ತಿಗೆಯವನು, ಅವನಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಸೊಳ್ಳೆ ಎಂದು ಆರೋಗ್ಯ ಇಲಾಖೆ ನೋಟಿಸು ಕೊಡುತ್ತದೆ. ನೀರು ಖಾಲಿ ಮಾಡುತ್ತಾರೆ. ಜನರಿಗೆ ಗೊತ್ತಿಲ್ಲದ ವಿಷಯ ಇದು: ಕೊಳಕ್ಕೆ ಖಾಲಿ ಬಿಡುವಷ್ಟು ದೊಡ್ಡ ಅಪಾಯ ಇನ್ನೊಂದಿಲ್ಲ. ಒಳಗಿನ ನೀರಿನ ಭಾರ ಹೋದರೆ ಮಳೆಗಾಲದಲ್ಲಿ ನೆಲದಡಿಯ ನೀರು ಕಾಂಕ್ರೀಟು ತೊಟ್ಟಿಯನ್ನು ಕೆಳಗಿನಿಂದ ಒತ್ತುತ್ತದೆ. ತಳ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಟೈಲ್ಸು ಏಳುತ್ತವೆ. ಆಮೇಲೆ ಎಂಜಿನಿಯರ್ ಬಂದು ನೋಡಿ, ದುರಸ್ತಿಗಿಂತ ಹೊಸದು ಕಟ್ಟುವುದೇ ಲಾಭ ಎಂದು ಬರೆಯುತ್ತಾನೆ. ‘ದುರಸ್ತಿ ನಿಮಿತ್ತ ತಾತ್ಕಾಲಿಕವಾಗಿ ಮುಚ್ಚಿದೆ’ ಎಂಬ ಬೋರ್ಡಿನ ಬಣ್ಣ ಮಾಸುವ ತನಕ ಕಾದು, ಪಿಪಿಪಿ (ಸರ್ಕಾರಿ ಖಾಸಗಿ ಪಾಲುದಾರಿಕೆ) ಎಂಬ ಮೂರಕ್ಷರದ ಮಂತ್ರ ಹೇಳಿ ಕಮರ್ಷಿಯಲ್ ಕಾಂಪ್ಲೆಕ್ಸಿನ ನಕ್ಷೆ ಹೊರತೆಗೆಯುತ್ತಾರೆ. ಮಾಂಟ್ಗೊಮೆರಿಯ ಯಜಮಾನರು ಗುಟ್ಟಾಗಿ ಮಾಡಿದ ಒಪ್ಪಂದವನ್ನು ಇವರು ಟೆಂಡರ್ ಕರೆದು ಮಾಡುತ್ತಾರೆ.

ಹೋದರೆ ಹೋಗಲಿ, ಈಜು ಶೋಕಿ ಎನ್ನುವವರಿಗೆ ಪ್ರತಿ ಏಪ್ರಿಲ್ ಮೇ ತಿಂಗಳ ಪತ್ರಿಕೆಯ ಜಿಲ್ಲಾ ಪುಟ ತೋರಿಸಬೇಕು. ‘ಈಜಲು ಹೋದ ಮೂವರು ಬಾಲಕರು ನೀರುಪಾಲು.’ ಸ್ಥಳ: ಕಲ್ಲು ಕ್ವಾರಿ, ನಾಲೆ, ಕೆರೆಯಲ್ಲಿ ಮರಳು ತೆಗೆದ ಗುಂಡಿ, ಕೃಷಿ ಹೊಂಡ. 2014ರಿಂದ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ರಾಜ್ಯದ ತುಂಬ ಹೊಂಡ ತೋಡಿಸಿದರು. ಒಳ್ಳೆಯ ಕೆಲಸ, ಬೇಡವೆನ್ನುವುದಿಲ್ಲ. ಆದರೆ ತಳಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಬಿದ್ದ ಮಗು ಅಂಚು ಹಿಡಿದು ಮೇಲೆ ಬರಲಾರದು. ಬೇಲಿ ಇಲ್ಲದ ಹೊಂಡಗಳು ಎಷ್ಟು ಮನೆಗಳ ದೀಪ ಆರಿಸಿವೆಯೋ. ಹಿಂದೆ ತೆರೆದ ಬಾವಿಯಿತ್ತು, ಸೊಂಟಕ್ಕೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಮಾವನೋ ಅಣ್ಣನೋ ತಳ್ಳುತ್ತಿದ್ದ. ಅದೂ ಊರಿನ ಮಕ್ಕಳಿಗೆ. ಕೇರಿಯ ಮಕ್ಕಳು ಎಮ್ಮೆ ಮುಳುಗುವ ಹೊಂಡದಲ್ಲಿ ಕಲಿತರು, ಹೆಣ್ಣುಮಕ್ಕಳು ಎಲ್ಲೂ ಕಲಿಯಲಿಲ್ಲ. ಬೋರ್‌ವೆಲ್ ಬಂದು ಆ ಬಾವಿಗಳೂ ಕಸದ ಗುಂಡಿಯಾದವು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಲ್ಲಿ 2022ರ ಒಂದೇ ವರ್ಷ ದೇಶದಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಅಮೆರಿಕದಲ್ಲಿ ಕೊಳ ಮುಚ್ಚಿದವರ ಮೊಮ್ಮಕ್ಕಳ ಕಾಲದ ಲೆಕ್ಕವೂ ಇದೆ: 10ರಿಂದ 14 ವಯಸ್ಸಿನ ಕಪ್ಪು ಮಕ್ಕಳು ಈಜುಕೊಳಗಳಲ್ಲಿ ಮುಳುಗಿ ಸಾಯುವ ಪ್ರಮಾಣ ಬಿಳಿ ಮಕ್ಕಳ 7.6 ಪಟ್ಟು. ಅಜ್ಜಿಗೆ ಕೊಳ ಮುಚ್ಚಿದರು, ಅವಳು ಮಗಳಿಗೆ ಕಲಿಸಲಿಲ್ಲ, ಮಗಳು ಮೊಮ್ಮಗನಿಗೆ ಕಲಿಸಲಿಲ್ಲ. ಪಾಮರ್ ತೀರ್ಪು ಕೊಟ್ಟ ಐವರು ಈ ಲೆಕ್ಕ ನೋಡಲು ಬದುಕಿಲ್ಲ.

ನಮ್ಮ ವರದಿಗಳು ಸತ್ತ ಮಕ್ಕಳನ್ನೇ ಬೈಯುತ್ತವೆ. ‘ಈಜು ಬಾರದಿದ್ದರೂ ನೀರಿಗಿಳಿದು’ ಎಂದು ಬರೆಯುತ್ತವೆ. ಈಜು ಬಾರದಂತೆ ನೋಡಿಕೊಂಡವರ ಹೆಸರು ಯಾವ ಎಫ್‌ಐಆರ್‌ನಲ್ಲೂ ಇರುವುದಿಲ್ಲ.

ಕುಡಿಯಲು ನೀರಿಲ್ಲದ ನಾಡಿನಲ್ಲಿ ಈಜಲು ನೀರು ಕೇಳುತ್ತೀಯಾ ಎಂಬ ಪ್ರಶ್ನೆ ಬರುತ್ತದೆ, ಬರಲಿ. 25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ ಹಿಡಿಯುವುದು ನಾಲ್ಕೂವರೆ ಲಕ್ಷ ಲೀಟರ್. ಫಿಲ್ಟರ್ ನಡೆಯುತ್ತಿದ್ದರೆ ಅದೇ ನೀರು ತಿಂಗಳುಗಟ್ಟಲೆ ಸುತ್ತುತ್ತದೆ. ಆವಿಯಾದಷ್ಟನ್ನು, ಫಿಲ್ಟರ್ ತೊಳೆದಷ್ಟನ್ನು ತುಂಬಿದರೆ ಆಯಿತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ನಲ್ಲಿಗಳು ಒಣಗಿದಾಗ ಈಜುಕೊಳಗಳಿಗೆ ಕುಡಿಯುವ ನೀರು ಬಳಸಕೂಡದು ಎಂದು ಜಲಮಂಡಳಿ ಆದೇಶ ಹೊರಡಿಸಿ 5,000 ರೂಪಾಯಿ ದಂಡ ಹಾಕಿತು. ಸರಿಯಾದ ಆದೇಶವೇ. ಆದರೆ ಆ ದಿನ ತಾನೇ ಊರಿಗೆ ಗೊತ್ತಾದದ್ದು, ಅಪಾರ್ಟ್‌ಮೆಂಟುಗಳ ಒಳಗೆ ಎಷ್ಟೊಂದು ಕೊಳಗಳಿವೆ ಎಂದು! ನಾಡಿನಲ್ಲಿ ಈಜಲು ನೀರಿದೆ. ಸಾವಿರ ಮಕ್ಕಳು ಈಜುವ ಒಂದು ಕೊಳಕ್ಕೆ ಮಾತ್ರ ನೀರಿಲ್ಲ, ಹತ್ತು ಜನ ಈಜುವ ನೂರು ಕೊಳಕ್ಕೆ ಇದೆ.

ಸತ್ತ ಕೊಳ ಏಳುವುದೇ ಇಲ್ಲವೆಂದೂ ಅಲ್ಲ. 1936ರಲ್ಲಿ ತೆರೆದ ಆ ಹನ್ನೊಂದರಲ್ಲಿ ಒಂದಾದ ಬ್ರೂಕ್ಲಿನ್ನಿನ ಮೆಕ್ಯಾರನ್ ಪಾರ್ಕ್ ಕೊಳ 1984ರಲ್ಲಿ ಮುಚ್ಚಿ, ಗೋಡೆಗಳ ಮೇಲೆ ಗೀಚುಬರಹ ತುಂಬಿ, ಇಪ್ಪತ್ತೆಂಟು ವರ್ಷ ಪಾಳುಬಿದ್ದಿತ್ತು. ತೆರೆದರೆ ‘ಹೊರಗಿನವರು’ ಬರುತ್ತಾರೆ ಎಂದು ಅಡ್ಡಗಾಲು ಹಾಕಿದವರಲ್ಲಿ ಅಕ್ಕಪಕ್ಕದ ನಿವಾಸಿಗಳೂ ಇದ್ದರು. 2012ರಲ್ಲಿ ನಗರವೇ ಸುಮಾರು 5 ಕೋಟಿ ಡಾಲರ್ ಹಾಕಿ ಮತ್ತೆ ತೆರೆಯಿತು. ಅಷ್ಟು ಹೊತ್ತಿಗೆ ಆ ಬಡಾವಣೆಯ ಬಾಡಿಗೆ ಮುಗಿಲು ಮುಟ್ಟಿತ್ತು ಎಂಬುದನ್ನೂ ಹೇಳಬೇಕು. ಆದರೂ ಅಲ್ಲಿ ಟಿಕೆಟ್ ಇಲ್ಲ. ಬಂಡವಾಳಶಾಹಿಯ ರಾಜಧಾನಿಯಲ್ಲಿ ನಗರದ ಬಯಲು ಕೊಳಗಳು ಇವತ್ತಿಗೂ ಉಚಿತ. ಸಮಾಜವಾದಿ ಎಂದು ಪೀಠಿಕೆಯಲ್ಲಿ ಬರೆದುಕೊಂಡ ನಮ್ಮ ಗಣರಾಜ್ಯದಲ್ಲಿ ಗಂಟೆಗೆ ಇಷ್ಟು.

ಹಾಗಾಗಿ ನನ್ನ ತಕರಾರು ಬೇಡಿಕೆಯಾಗಿಯೇ ಬರಲಿ. ಪಾರ್ಕು, ಉದ್ಯಾನ, ಆಟದ ಮೈದಾನ ಒದಗಿಸುವುದು ನಗರ ಸಂಸ್ಥೆಯ ಕೆಲಸ ಎಂದು ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ಬರೆದಿದೆ. ಕೊಳವನ್ನು ಆ ಸಾಲಿಗೆ ಸೇರಿಸಿ, ಆದಾಯದ ಬಾಬತ್ತಿನಿಂದ ತೆಗೆಯಿರಿ. ಲೈಬ್ರರಿ ಲಾಭ ತರಲಿಲ್ಲವೆಂದು ಯಾರೂ ಮುಚ್ಚುವುದಿಲ್ಲ, ಕನಿಷ್ಠ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ. ಬೆಳಗಿನ ಮೊದಲ ಬ್ಯಾಚು ಸರ್ಕಾರಿ ಶಾಲೆಯ, ಸಮಾಜ ಕಲ್ಯಾಣ ಹಾಸ್ಟೆಲಿನ ಮಕ್ಕಳಿಗೆ ಕೊಡಿ, ಹೆಣ್ಣುಮಕ್ಕಳಿಗೆ ಹೆಣ್ಣು ತರಬೇತುದಾರರೇ ಇರಲಿ. ಡಿಸಿ ಸಾಹೇಬರು, ಕಮಿಷನರು ಮಧ್ಯಾಹ್ನದ ಬಿಸಿಲಿನಲ್ಲಿ ಈಜಲಿ. ಲೈಫ್‌ಗಾರ್ಡಿನ ಹುದ್ದೆ ಕಾಯಂ ಆಗಲಿ. ಕ್ಲೋರಿನ್ ಹಾಕುವವನ, ಪಾಚಿ ಉಜ್ಜುವ ಪೌರಕಾರ್ಮಿಕರ ಮಕ್ಕಳಿಗೆ ಆ ಕೊಳದಲ್ಲಿ ಮೊದಲ ಹಕ್ಕು ಇರಲಿ. ಇದು ದಯೆ ಅಲ್ಲ, ದುಡಿದವರ ಪಾಲು.

ಇದನ್ನು ಓದುತ್ತಿರುವ ನಿಮ್ಮ ಊರಿನಲ್ಲೂ ಬೀಗ ಬಿದ್ದ ಒಂದು ಕೊಳ ಇರಬಹುದು. ನಿಟ್ಟುಸಿರು ಬಿಡಬೇಡಿ, ಅರ್ಜಿ ಬರೆಯಿರಿ. ಕೊಳಕ್ಕೆ ಕಳೆದ ಐದು ವರ್ಷ ಮಂಜೂರಾದದ್ದೆಷ್ಟು, ಖರ್ಚಾದದ್ದೆಷ್ಟು, ಮುಚ್ಚುವ ಆದೇಶಕ್ಕೆ ಸಹಿ ಹಾಕಿದವರು ಯಾರು, ಆ ಜಾಗವನ್ನು ಇನ್ನಾರಿಗಾದರೂ ಕೊಡುವ ಪ್ರಸ್ತಾವವಿದೆಯೇ ಎಂದು ಕೇಳಿ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕಾದದ್ದು ಅವರ ಕರ್ತವ್ಯ.